ಕಲ್ಲಿದ್ದಲಿನ ಡೀಸೆಲ್‌ನಿಂದ ಕರೆಂಟ್: ಲೆಕ್ಕ ಎಲ್ಲಿ ತಪ್ಪುತ್ತದೆ?



ಕಳೆದ ಚಳಿಗಾಲದ ಒಂದು ಶುಕ್ರವಾರ ನಾವು ಏಳೆಂಟು ಜನ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಅಲ್ ಖೋರ್ ಸಮುದ್ರದ ಕಡೆಗೆ ಹೋಗಿದ್ದೆವು. ಕತ್ತಲಾದ ಮೇಲೆ ಉತ್ತರದ ದಿಕ್ಕಿನಲ್ಲಿ ರಾಸ್ ಲಫಾನ್‌ನ ಬೆಳಕು ಕಾಣತೊಡಗಿತು. ನಮ್ಮ ಜೊತೆಗಿದ್ದ ರಾಯಚೂರು ಕಡೆಯ ಜೂನಿಯರ್ ಹುಡುಗ ಅದನ್ನೇ ನೋಡುತ್ತಾ ನಿಂತಿದ್ದವನು ಇದ್ದಕ್ಕಿದ್ದಂತೆ ಕೇಳಿದ:

"ಅಣ್ಣಾ, ಇಲ್ಲಿ ಗ್ಯಾಸ್‌ನಿಂದ ಡೀಸೆಲ್ ಮಾಡ್ತಾರಲ್ಲ, ನಮ್ಮ ಕಡೆ ಕಲ್ಲಿದ್ದಲಿನಿಂದ ಹಂಗೇ ಡೀಸೆಲ್ ಮಾಡಿ ಕರೆಂಟ್ ತೆಗೆದ್ರ ಏನಾಗ್ತದ? ಕಲ್ಲಿದ್ದಲು ಸುಡೋದು ತಪ್ತದ, ಬೂದಿನೂ ತಪ್ತದ, ಅಲ್ಲೇನು?"

ಅವನು ಸುಮ್ಮನೆ ಕೇಳಿದ್ದಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಇದೇ ವಿಷಯ ಬರೆದುಕೊಟ್ಟು ಬಂದಿದ್ದ. ಉಷ್ಣ ಸ್ಥಾವರ ಇರುವ ಜಿಲ್ಲೆಯವನು, ಬೂದಿ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿದ್ದವನು. ಊರಿಗೆ ಏನಾದರೂ ಒಳ್ಳೆಯದಾಗಲಿ ಅನ್ನುವ ಆಸೆ ಅವನ ಮಾತಿನಲ್ಲಿತ್ತು. "ಒಳ್ಳೇ ಐಡಿಯಾ ಕಣೋ" ಅಂತ ನಮ್ಮಲ್ಲಿ ಇಬ್ಬರು ಹೇಳಿಯೂ ಬಿಟ್ಟರು. ಆದರೆ ವಾಪಸ್ ಬರುವ ದಾರಿಯಲ್ಲಿ ಲೆಕ್ಕ ಶುರುವಾಯಿತು. ಆ ಲೆಕ್ಕ ಮುಗಿಯಲು ಮೂರು ಶುಕ್ರವಾರ ಬೇಕಾಯಿತು. ಅದನ್ನೇ ಈ ಸಲದ ಸಂಚಿಕೆಗೆ ಪಾಠದ ರೂಪದಲ್ಲಿ ಬರೆದಿದ್ದೇವೆ. ಪಿಯುಸಿ ಮಟ್ಟದ ರಸಾಯನಶಾಸ್ತ್ರ ನೆನಪಿದ್ದರೆ ಸಾಕು.

1. ಕಲ್ಲಿದ್ದಲು ದ್ರವವಾಗುವುದು ಹೇಗೆ?

ಕಲ್ಲಿದ್ದಲು, ಡೀಸೆಲ್, ನೈಸರ್ಗಿಕ ಅನಿಲ ಮೂರರಲ್ಲೂ ಮುಖ್ಯವಾಗಿ ಇರುವುದು ಇಂಗಾಲ ಮತ್ತು ಜಲಜನಕ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಅನಿಲದ ಮುಖ್ಯ ಭಾಗವಾದ ಮೀಥೇನ್‌ನಲ್ಲಿ ಒಂದು ಇಂಗಾಲಕ್ಕೆ 4 ಜಲಜನಕ. ಡೀಸೆಲ್‌ನಲ್ಲಿ ಒಂದಕ್ಕೆ ಸುಮಾರು 2. ಕಲ್ಲಿದ್ದಲಿನಲ್ಲಿ ಒಂದಕ್ಕೆ ಒಂದೂ ಇಲ್ಲ. ಈ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರಲ್ಲೇ ಇದೆ.

ಕಲ್ಲಿದ್ದಲನ್ನು ಡೀಸೆಲ್ ಮಾಡಬೇಕಾದರೆ ಅದಕ್ಕೆ ಜಲಜನಕ ಸೇರಿಸಬೇಕು. ಇದಕ್ಕೆ ಎರಡು ದಾರಿ. ಒಂದು, ಭಾರೀ ಒತ್ತಡದಲ್ಲಿ ಜಲಜನಕವನ್ನು ನೇರವಾಗಿ ಕಲ್ಲಿದ್ದಲಿಗೆ ಸೇರಿಸುವುದು. ಇದನ್ನು ತೋರಿಸಿಕೊಟ್ಟ ಜರ್ಮನಿಯ ಫ್ರೀಡ್ರಿಶ್ ಬೆರ್ಗಿಯುಸ್‌ಗೆ 1931ರಲ್ಲಿ ಕಾರ್ಲ್ ಬಾಷ್ ಜೊತೆ ನೊಬೆಲ್ ಬಂತು. ಇನ್ನೊಂದು ದಾರಿ ಸ್ವಲ್ಪ ಸುತ್ತು, ಆದರೆ ಹೆಚ್ಚು ಬಳಕೆಗೆ ಬಂದದ್ದು ಇದೇ:

ಮೊದಲು ಕಲ್ಲಿದ್ದಲಿಗೆ ಆಮ್ಲಜನಕ ಮತ್ತು ಹಬೆ ಕೊಟ್ಟು, ಪೂರ್ತಿ ಸುಡಲು ಬಿಡದೆ, ಹೆಚ್ಚಿನ ಉಷ್ಣದಲ್ಲಿ ಅನಿಲ ಮಾಡುತ್ತಾರೆ. ಬರುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕದ ಮಿಶ್ರಣ. ಇದಕ್ಕೆ ಸಿನ್‌ಗ್ಯಾಸ್ ಅಂತ ಹೆಸರು. ಆಮೇಲೆ ಗಂಧಕ ಮುಂತಾದವನ್ನು ತೆಗೆದು ಶುದ್ಧ ಮಾಡುತ್ತಾರೆ. ಮೂರನೆಯ ಹಂತದಲ್ಲಿ ಈ ಅನಿಲವನ್ನು ಕಬ್ಬಿಣ ಅಥವಾ ಕೋಬಾಲ್ಟ್‌ನ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ, ಇಂಗಾಲದ ಮಣಿಗಳು ಒಂದಕ್ಕೊಂದು ಪೋಣಿಸಿಕೊಂಡು ಉದ್ದದ ಸರಗಳಾಗುತ್ತವೆ. ತುಂಬಾ ಉದ್ದವಾದದ್ದು ಮೇಣ. ಕೊನೆಗೆ ಆ ಮೇಣವನ್ನು ಬೇಕಾದ ಅಳತೆಗೆ ಒಡೆದರೆ ಡೀಸೆಲ್, ವಿಮಾನದ ಸೀಮೆಎಣ್ಣೆ, ನಾಫ್ತಾ.

ಈ ಮೂರನೆಯ ಹಂತವನ್ನು 1925ರಲ್ಲಿ ಕಂಡುಹಿಡಿದವರು ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕೆಲಸ ಮಾಡುತ್ತಿದ್ದ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಶ್. ಎರಡನೇ ಮಹಾಯುದ್ಧದಲ್ಲಿ ತೈಲ ಸಿಗದ ಜರ್ಮನಿ ಈ ಎರಡೂ ದಾರಿಗಳನ್ನು ಹಿಡಿಯಿತು. ಆಮೇಲೆ ಹಿಡಿದದ್ದು ದಕ್ಷಿಣ ಆಫ್ರಿಕಾ. ಅಲ್ಲಿ 1950ರಲ್ಲಿ ಸ್ಥಾಪನೆಯಾದ ಸಾಸೋಲ್ ಕಂಪನಿ 1955ರಿಂದ ಕಲ್ಲಿದ್ದಲಿನ ಇಂಧನ ತಯಾರಿಸುತ್ತಿದೆ. 1980ರ ದಶಕದಲ್ಲಿ ಸೆಕುಂಡಾ ಎಂಬಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಒಂದು ಸಂಗತಿ ಗಮನಿಸಿ. ಎರಡೂ ಕಡೆ ಈ ತಂತ್ರ ಬೆಳೆದದ್ದು ಯುದ್ಧ, ತೈಲ ನಿರ್ಬಂಧಗಳ ಕಾಲದಲ್ಲಿ. "ಎಷ್ಟಾಗುತ್ತೆ?" ಅಂತ ಕೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

2. ಕತಾರ್‌ಗೆ ಬಂದದ್ದು ಅದೇ ವಿದ್ಯೆ

ನಮ್ಮ ಜೂನಿಯರ್ ನೋಡಿದ ಬೆಳಕಿನ ಹಿಂದೆ ಇರುವುದು ಇದೇ ವಿದ್ಯೆ. ಕಲ್ಲಿದ್ದಲಿನ ಜಾಗದಲ್ಲಿ ನೈಸರ್ಗಿಕ ಅನಿಲ, ಅಷ್ಟೇ. ರಾಸ್ ಲಫಾನ್‌ನ ಓರಿಕ್ಸ್ ಜಿಟಿಎಲ್ 2006ರಲ್ಲಿ ಉದ್ಘಾಟನೆಯಾಯಿತು. ಅದರಲ್ಲಿ ಕತಾರ್ ಜೊತೆ ಪಾಲುದಾರನಾಗಿದ್ದು ಅದೇ ಸಾಸೋಲ್. ಅಂದರೆ ಕಲ್ಲಿದ್ದಲಿನಲ್ಲಿ ಪಳಗಿದ ಕೈ ಇಲ್ಲಿಗೆ ಬಂತು. ಅದರ ಸಾಮರ್ಥ್ಯ ದಿನಕ್ಕೆ ಸುಮಾರು 34,000 ಬ್ಯಾರೆಲ್. ಪಕ್ಕದಲ್ಲೇ ಶೆಲ್ ಕಂಪನಿ ಕತಾರ್ ಜೊತೆ ಸೇರಿ ಕಟ್ಟಿದ ಪರ್ಲ್ ಜಿಟಿಎಲ್ 2011ರಲ್ಲಿ ಶುರುವಾಯಿತು. ದಿನಕ್ಕೆ 1,40,000 ಬ್ಯಾರೆಲ್ ದ್ರವ ಉತ್ಪನ್ನ, ಜಗತ್ತಿನಲ್ಲೇ ಈ ಬಗೆಯ ಅತಿ ದೊಡ್ಡ ಸ್ಥಾವರ. ಒಂದೊಂದೂ 1,200 ಟನ್ ತೂಗುವ 24 ರಿಯಾಕ್ಟರ್‌ಗಳು ಅದರೊಳಗಿವೆ. ಖರ್ಚು ಸುಮಾರು 1,800ರಿಂದ 1,900 ಕೋಟಿ ಡಾಲರ್.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲೇ ಅರ್ಧ ಜನ ಎಲ್‌ಎನ್‌ಜಿ ಮತ್ತು ಜಿಟಿಎಲ್ ಒಂದೇ ಅಂದುಕೊಂಡಿದ್ದರು. ಎಲ್‌ಎನ್‌ಜಿ ಅಂದರೆ ಅನಿಲವನ್ನು ಮೈನಸ್ 162 ಡಿಗ್ರಿಗೆ ತಣ್ಣಗಾಗಿಸಿ ದ್ರವ ಮಾಡಿದ್ದು. ಬೆಚ್ಚಗಾದರೆ ಮತ್ತೆ ಅದೇ ಮೀಥೇನ್. ನೀರು ಮಂಜುಗಡ್ಡೆಯಾಗಿ ಮತ್ತೆ ನೀರಾದ ಹಾಗೆ. ಜಿಟಿಎಲ್‌ನಲ್ಲಿ ವಸ್ತುವೇ ಬದಲಾಗುತ್ತದೆ. ಹಾಲು ಮೊಸರಾದ ಹಾಗೆ, ಹಿಂದಕ್ಕೆ ಹೋಗುವಂತಿಲ್ಲ. ಆದ್ದರಿಂದ ಎಲ್‌ಎನ್‌ಜಿಯಲ್ಲಿ ಕಳೆದುಕೊಳ್ಳುವ ಶಕ್ತಿ ಕಡಿಮೆ. ಜಿಟಿಎಲ್‌ನಲ್ಲಿ ಒಳಗೆ ಹೋದ ಶಕ್ತಿಯ ಸುಮಾರು ಶೇ. 60 ಮಾತ್ರ ದ್ರವದಲ್ಲಿ ಉಳಿಯುತ್ತದೆ. ಕಲ್ಲಿದ್ದಲಿನಿಂದ ಆದರೆ ಇನ್ನೂ ಕಡಿಮೆ, ಹತ್ತಿರ ಹತ್ತಿರ ಶೇ. 50.

ಯಾಕೆ ಇನ್ನೂ ಕಡಿಮೆ? ಆ ಮೂರು ಸಂಖ್ಯೆಗಳಿಗೆ ವಾಪಸ್ ಬನ್ನಿ. ಮೀಥೇನ್‌ನಲ್ಲಿ ಜಲಜನಕ ಬೇಕಾದಷ್ಟಿದೆ. ಕಲ್ಲಿದ್ದಲಿನಲ್ಲಿ ಇಲ್ಲ. ಅದನ್ನು ಹಬೆಯಿಂದ ಕಿತ್ತುಕೊಳ್ಳಬೇಕು. ಕಿತ್ತುಕೊಳ್ಳುವಾಗ ಕಲ್ಲಿದ್ದಲಿನ ಇಂಗಾಲದ ಒಂದು ದೊಡ್ಡ ಪಾಲು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಒಂದು ಹನಿ ಡೀಸೆಲ್ ಎಂಜಿನ್‌ಗೆ ಬೀಳುವ ಮೊದಲೇ ಅರ್ಧಕ್ಕರ್ಧ ಇಂಗಾಲ ಕಾರ್ಖಾನೆಯಿಂದಲೇ ಗಾಳಿಗೆ ಸೇರಿರುತ್ತದೆ. ಸೆಕುಂಡಾ ಒಂದೇ ಜಾಗದಿಂದ ವರ್ಷಕ್ಕೆ 5 ಕೋಟಿ ಟನ್‌ಗೂ ಮಿಕ್ಕಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ ಅನ್ನುವುದಕ್ಕೆ ಕಾರಣ ಇದೇ.

3. ಒಂದು ಕಿಲೋ ಕಲ್ಲಿದ್ದಲಿನ ಲೆಕ್ಕ

ಈಗ ಪೆನ್ನು ತೆಗೆದುಕೊಳ್ಳಿ. ನಮ್ಮ ದೇಶದ ಸ್ಥಾವರಗಳಿಗೆ ಬರುವ ಸಾಧಾರಣ ಕಲ್ಲಿದ್ದಲು ಅಂತ ಹಿಡಿಯೋಣ. ಒಂದು ಕಿಲೋದಲ್ಲಿ 4,000 ಕಿಲೋಕ್ಯಾಲರಿ ಶಕ್ತಿ, ಶೇ. 35 ಬೂದಿ. 860 ಕಿಲೋಕ್ಯಾಲರಿ ಅಂದರೆ ಒಂದು ಯೂನಿಟ್ ಕರೆಂಟಿನಷ್ಟು ಶಕ್ತಿ. ಹಾಗಾಗಿ ಒಂದು ಕಿಲೋ ಕಲ್ಲಿದ್ದಲಿನಲ್ಲಿ 4.65 ಯೂನಿಟ್‌ನಷ್ಟು ಶಕ್ತಿ ಅಡಗಿದೆ.

ಮೊದಲನೆಯ ದಾರಿ: ನೇರವಾಗಿ ಬಾಯ್ಲರ್‌ನಲ್ಲಿ ಸುಟ್ಟು ಹಬೆ ಮಾಡಿ ಟರ್ಬೈನ್ ತಿರುಗಿಸುವುದು. ಹಳೆಯ ಸ್ಥಾವರದ ದಕ್ಷತೆ ಶೇ. 33 ಅಂತ ಇಟ್ಟುಕೊಂಡರೂ ಸುಮಾರು ಒಂದೂವರೆ ಯೂನಿಟ್ ಸಿಗುತ್ತದೆ.

ಎರಡನೆಯ ದಾರಿ: ಡೀಸೆಲ್ ಮಾಡಿ ಜನರೇಟರ್ ಓಡಿಸುವುದು. 4.65ರಲ್ಲಿ ಅರ್ಧ ಉಳಿದರೆ 2.3. ಡೀಸೆಲ್ ಲೆಕ್ಕದಲ್ಲಿ ಇದು ಕಾಲು ಲೀಟರಿಗೂ ಸ್ವಲ್ಪ ಕಡಿಮೆ. ಜನರೇಟರಿನ ದಕ್ಷತೆ ಶೇ. 35 ಅಂದರೆ ಕೈಗೆ ಬರುವುದು 0.8 ಯೂನಿಟ್.

ಮೂರನೆಯ ದಾರಿ: ಅದೇ ದ್ರವವನ್ನು ಒಳ್ಳೆಯ ಕಂಬೈನ್ಡ್ ಸೈಕಲ್ ಟರ್ಬೈನ್‌ಗೆ ಹಾಕೋಣ, ದಕ್ಷತೆ ಶೇ. 50. ಆಗಲೂ 1.16 ಯೂನಿಟ್. ಅಂದರೆ ಅತಿ ಒಳ್ಳೆಯ ಯಂತ್ರ ತಂದರೂ ಹಳೆಯ ಬಾಯ್ಲರ್‌ನಷ್ಟು ಬರಲಿಲ್ಲ!

"ಬೂದಿ ತಪ್ತದ" ಅಂದಿದ್ದನಲ್ಲ, ಅದನ್ನೂ ನೋಡೋಣ. ಒಂದು ಯೂನಿಟ್ ಕರೆಂಟಿಗೆ ನೇರ ದಾರಿಯಲ್ಲಿ ಬೇಕಾದ ಕಲ್ಲಿದ್ದಲು 0.65 ಕಿಲೋ, ಅದರಲ್ಲಿ ಬೂದಿ ಸುಮಾರು 0.23 ಕಿಲೋ. ಡೀಸೆಲ್ ಜನರೇಟರ್ ದಾರಿಯಲ್ಲಿ ಬೇಕಾದದ್ದು 1.2 ಕಿಲೋಗೂ ಹೆಚ್ಚು, ಬೂದಿ 0.43 ಕಿಲೋ. ಬೂದಿ ಎಲ್ಲೂ ಹೋಗಲಿಲ್ಲ, ಹೆಚ್ಚುಕಡಿಮೆ ಎರಡರಷ್ಟಾಯಿತು. ಜನರೇಟರ್ ಇರುವ ಊರಿನಲ್ಲಿ ಬೂದಿ ಕಾಣುವುದಿಲ್ಲ, ನಿಜ. ಆದರೆ ಅನಿಲ ಮಾಡುವ ಕಾರ್ಖಾನೆ ಎಲ್ಲಿರುತ್ತದೋ ಆ ಊರಿನವರು ಅದನ್ನು ಹೊರಬೇಕು. ಈ ಸಾಲು ಬರೆದಾಗ ನಮ್ಮ ಜೂನಿಯರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕತಾರ್ ಅನಿಲದ ಲೆಕ್ಕವೂ ಹೀಗೇ. 10 ಯೂನಿಟ್ ಶಕ್ತಿಯ ಅನಿಲವನ್ನು ನೇರ ಕಂಬೈನ್ಡ್ ಸೈಕಲ್‌ಗೆ ಕೊಟ್ಟರೆ 5.5 ಯೂನಿಟ್ ಕರೆಂಟ್. ಮೊದಲು ಜಿಟಿಎಲ್ ಮಾಡಿ ಆಮೇಲೆ ಅದೇ ಟರ್ಬೈನ್‌ಗೆ ಕೊಟ್ಟರೆ 3.3. ಅದಕ್ಕೇ ಜಗತ್ತಿನ ಅತಿ ದೊಡ್ಡ ಜಿಟಿಎಲ್ ಸ್ಥಾವರ ಇರುವ ಈ ದೇಶದಲ್ಲೂ ನಮ್ಮ ಹಾಸ್ಟೆಲ್‌ನ ಎಸಿ ಓಡುವುದು ಜಿಟಿಎಲ್ ಡೀಸೆಲ್‌ನಿಂದಲ್ಲ. 2,520 ಮೆಗಾವಾಟ್‌ನ ಉಮ್ಮ್ ಅಲ್ ಹೌಲ್‌ನಂಥ ಸ್ಥಾವರಗಳಲ್ಲಿ ಅನಿಲವನ್ನು ನೇರವಾಗಿ ಸುಡುತ್ತಾರೆ. ಜೊತೆಗೆ 2022ರಿಂದ ಅಲ್ ಖರ್ಸಾದ 800 ಮೆಗಾವಾಟ್ ಸೌರ ಸ್ಥಾವರ ಇದೆ. ಜಿಟಿಎಲ್ ದ್ರವ ಹಡಗು ಹತ್ತಿ ಹೊರಗೆ ಹೋಗುತ್ತದೆ. ದಕ್ಷಿಣ ಆಫ್ರಿಕಾವೂ ಅಷ್ಟೇ. ಕಲ್ಲಿದ್ದಲಿನ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆ. ಕರೆಂಟಿನ ಬಹುಪಾಲು ಕಲ್ಲಿದ್ದಲನ್ನು ನೇರವಾಗಿ ಸುಟ್ಟೇ ಬರುತ್ತದೆ.

4. ನಮ್ಮೂರಲ್ಲಿ ದ್ರವದಿಂದ ಕರೆಂಟ್ ಮಾಡಿದ್ದಿದೆ

ಲೆಕ್ಕ ಇಲ್ಲಿಗೆ ಬಂದಾಗ ನಮ್ಮ ಗುಂಪಿನ ಮಂಗಳೂರಿನ ಹುಡುಗಿ ತಡೆದಳು. "ಹಾಗಾದ್ರೆ ತಣ್ಣೀರುಬಾವಿಯಲ್ಲಿ ಹಡಗಿನ ಮೇಲೆ ಕರೆಂಟ್ ಮಾಡ್ತಿದ್ರು ಅಂತ ನಮ್ಮಪ್ಪ ಹೇಳುದುಂಟಲ್ಲ, ಅದೆಂತ ಮಾರಾಯ?"

ಅವಳ ಅಪ್ಪ ಹೇಳಿದ್ದು ಸರಿ. 2001ರಲ್ಲಿ ಮಂಗಳೂರಿನ ತಣ್ಣೀರುಬಾವಿಯಲ್ಲಿ 220 ಮೆಗಾವಾಟ್‌ನ ಸ್ಥಾವರ ಶುರುವಾಯಿತು. ಯಂತ್ರಗಳೆಲ್ಲ ತೇಲುವ ಬಾರ್ಜ್‌ಗಳ ಮೇಲೆ, ಇಂಧನ ನಾಫ್ತಾ. ಅದು ಕಲ್ಲಿದ್ದಲಿನ ನಾಫ್ತಾ ಅಲ್ಲ, ಕಚ್ಚಾ ತೈಲದಿಂದ ಬಂದದ್ದು. ಆದರೆ ದ್ರವ ಇಂಧನದಿಂದ ಇಡೀ ದಿನದ ಕರೆಂಟ್ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಕರ್ನಾಟಕದ್ದೇ ಪಾಠ ಅದು. ತೈಲದ ಬೆಲೆ ಏರಿದ ಹಾಗೆ ಆ ಕರೆಂಟ್ ದುಬಾರಿಯಾಯಿತು. ಖರೀದಿ ಒಪ್ಪಂದ ಮುಗಿದ ಮೇಲೆ ಬಾರ್ಜ್‌ಗಳನ್ನು ಆಂಧ್ರದ ಕಾಕಿನಾಡಕ್ಕೆ ಒಯ್ದು ನೈಸರ್ಗಿಕ ಅನಿಲಕ್ಕೆ ಬದಲಾಯಿಸಿದರು.

ಬೆಂಗಳೂರಿನ ಯಲಹಂಕದಲ್ಲೂ 1990ರ ದಶಕದಿಂದ ನೂರು ಮೆಗಾವಾಟ್‌ಗೂ ಮಿಕ್ಕಿದ ಡೀಸೆಲ್ ಸ್ಥಾವರ ಇತ್ತು. ಈಗ ಅಲ್ಲಿ ಎದ್ದಿರುವುದು ಅನಿಲದ 370 ಮೆಗಾವಾಟ್ ಕಂಬೈನ್ಡ್ ಸೈಕಲ್ ಸ್ಥಾವರ. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಕೊಳವೆ ಮಾರ್ಗ ಅದಕ್ಕೆ ಅನಿಲ ಒದಗಿಸುತ್ತದೆ. ಕತಾರ್‌ನ ಎಲ್‌ಎನ್‌ಜಿ 2004ರಿಂದ ಗುಜರಾತಿನ ದಹೇಜ್‌ನಲ್ಲಿ ಇಳಿದು ನಮ್ಮ ದೇಶದ ಅನಿಲ ಜಾಲ ಸೇರುತ್ತಿದೆ. ಎರಡೂ ಕಡೆ ನಡೆದದ್ದು ಒಂದೇ: ದ್ರವ ಬಿಟ್ಟು ಅನಿಲ ಹಿಡಿದರು.

ನಿಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ಲೆಕ್ಕವನ್ನೇ ಹಾಕಿ. ಒಂದು ಲೀಟರ್ ಡೀಸೆಲ್‌ಗೆ ಮೂರೂವರೆ ಯೂನಿಟ್ ಬಂದರೆ ಹೆಚ್ಚು. ಲೀಟರಿಗೆ 90 ರೂಪಾಯಿ ಅಂತ ಹಿಡಿದರೆ ಯೂನಿಟ್‌ಗೆ ಇಂಧನದ ಖರ್ಚೇ 26 ರೂಪಾಯಿ. ಒಂದು ಗಂಟೆಗೆ ಪರವಾಗಿಲ್ಲ, ಇಡೀ ತಿಂಗಳಿಗೆ ಯಾರಿಗೂ ಆಗುವುದಿಲ್ಲ.

5. ಹಾಗಾದರೆ ದ್ರವ ಬೇಕಾದದ್ದು ಯಾವಾಗ?

ಜನರೇಟರ್ ಬೇಡವೇ ಬೇಡ ಅಂತ ಯಾರೂ ಹೇಳುವುದಿಲ್ಲ. ಆಪರೇಷನ್ ನಡೆಯುವಾಗ ಕರೆಂಟ್ ಹೋದರೆ ಆಸ್ಪತ್ರೆಯವರು ದಕ್ಷತೆ ಎಷ್ಟು ಅಂತ ಕೇಳುತ್ತಾ ಕೂರುವುದಿಲ್ಲ. ದ್ರವದ ನಿಜವಾದ ಗುಣ ಅದು ಕಾಯುತ್ತದೆ ಅನ್ನುವುದು. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಕರೆದಾಗ ನಿಮಿಷಗಳಲ್ಲಿ ಎದ್ದು ಬರುತ್ತದೆ. ದಕ್ಷಿಣ ಆಫ್ರಿಕಾದ ವಿದ್ಯುತ್ ಕಂಪನಿ ಎಸ್ಕಾಮ್ ಅಂಕರ್ಲಿಗ್, ಗೌರಿಕ್ವಾ ಎಂಬಲ್ಲಿ ಡೀಸೆಲ್ ಟರ್ಬೈನ್ ಇಟ್ಟುಕೊಂಡಿರುವುದು ಇಂಥ ಹೊತ್ತಿಗೇ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಅವನ್ನು ಹೆಚ್ಚು ಹೊತ್ತು ಓಡಿಸಬೇಕಾಗಿ ಬಂದಾಗ ಡೀಸೆಲ್ ಬಿಲ್ಲೇ ದೊಡ್ಡ ತಲೆನೋವಾಯಿತು.

ಈ ಗುಣವನ್ನೇ ಬಳಸುವ ಇನ್ನೊಂದು ಉಪಾಯ ಇದೆ. ಕಲ್ಲಿದ್ದಲಿನಿಂದ ಸಿನ್‌ಗ್ಯಾಸ್ ಮಾಡುವ ಘಟಕವನ್ನು ಬೆಳಿಗ್ಗೆ ಹಚ್ಚಿ ರಾತ್ರಿ ಆರಿಸಲು ಬರುವುದಿಲ್ಲ, ಒಂದೇ ಸಮನೆ ಓಡಬೇಕು. ಕರೆಂಟಿಗೆ ಬೇಡಿಕೆ ಇದ್ದಾಗ ಸಿನ್‌ಗ್ಯಾಸನ್ನು ನೇರ ಟರ್ಬೈನ್‌ಗೆ ಕೊಡುವುದು, ಬೇಡಿಕೆ ಇಲ್ಲದಾಗ ಅದರಿಂದ ಮೆಥನಾಲ್ ಮಾಡಿ ಟ್ಯಾಂಕಿಗೆ ತುಂಬುವುದು, ಸಂಜೆ ಬೇಡಿಕೆ ಏರಿದಾಗ ಆ ಮೆಥನಾಲನ್ನೂ ಸುಡುವುದು. ಇಂಥ ಜೋಡಿ ಸ್ಥಾವರಕ್ಕೆ ಹೊಂದುವ ಮೆಥನಾಲ್ ಘಟಕವನ್ನು ಅಮೆರಿಕದ ಟೆನೆಸ್ಸಿಯ ಕಿಂಗ್ಸ್‌ಪೋರ್ಟ್‌ನಲ್ಲಿ 1997ರಿಂದ ಓಡಿಸಿ ಪರೀಕ್ಷಿಸಿದರು. ತಂತ್ರ ಕೆಲಸ ಮಾಡಿತು. ಆದರೆ ಅಲ್ಲಿ ತಯಾರಾದ ಮೆಥನಾಲ್ ಬಹುಪಾಲು ಹೋದದ್ದು ರಾಸಾಯನಿಕ ತಯಾರಿಕೆಗೆ. ಅಷ್ಟು ಕಷ್ಟಪಟ್ಟು ಮಾಡಿದ ದ್ರವವನ್ನು ಸುಡುವುದಕ್ಕಿಂತ ವಸ್ತುವಾಗಿ ಬಳಸಿದರೆ ಬೆಲೆ ಹೆಚ್ಚು.

ನಮ್ಮ ದೇಶದಲ್ಲೂ ಈಗ ಅನಿಲೀಕರಣದ ಮಾತು ಜೋರಾಗಿದೆ. ಬೂದಿ ಹೆಚ್ಚಿರುವ ನಮ್ಮ ಕಲ್ಲಿದ್ದಲಿನಿಂದಲೇ ದಿನಕ್ಕೆ 0.25 ಟನ್ ಮೆಥನಾಲ್ ಮಾಡುವ ಪುಟ್ಟ ಘಟಕವನ್ನು ಬಿಎಚ್‌ಇಎಲ್ ಹೈದರಾಬಾದಿನಲ್ಲಿ ನಡೆಸಿ ತೋರಿಸಿದೆ. 2030ರ ಹೊತ್ತಿಗೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲ ಮಾಡಬೇಕೆಂಬ ಗುರಿ ಇದೆ. 2024ರ ಜನವರಿಯಲ್ಲಿ ಕೇಂದ್ರ ಸಂಪುಟ ಇದಕ್ಕೆ 8,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಒಪ್ಪಿತು. ಆಮದು ಮಾಡುವ ಮೆಥನಾಲ್, ಗೊಬ್ಬರ, ರಾಸಾಯನಿಕಗಳ ಜಾಗಕ್ಕೆ ಇದು ಬಂದರೆ ಅರ್ಥವಿದೆ. ಮನೆಯ ದೀಪಕ್ಕೆ ಅಂದರೆ ಮೇಲಿನ ಲೆಕ್ಕ ಮತ್ತೆ ಓದಿ.

ಕರ್ನಾಟಕದ ಮಾತು ಇನ್ನೂ ಬೇರೆ. ನಮ್ಮಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ. 1985ರಲ್ಲಿ ಮೊದಲ ಘಟಕ ಶುರುವಾದ ರಾಯಚೂರಿನ ಶಕ್ತಿನಗರದ 1,720 ಮೆಗಾವಾಟ್ ಸ್ಥಾವರಕ್ಕೆ ಕಲ್ಲಿದ್ದಲು ರೈಲಿನಲ್ಲಿ ತೆಲಂಗಾಣದ ಸಿಂಗರೇಣಿ, ಮಹಾರಾಷ್ಟ್ರ, ಒಡಿಶಾಗಳಿಂದ ಬರಬೇಕು. ಎರಡರಷ್ಟು ಕಲ್ಲಿದ್ದಲು ಬೇಕು ಅಂದರೆ ಎರಡರಷ್ಟು ರೈಲು. ಇನ್ನು ಕಾಯುವ ದ್ರವ ಬೇಕು ಅಂದರೆ ಅದು ನಮ್ಮ ಹತ್ತಿರ 1964ರಿಂದಲೇ ಇದೆ. ಲಿಂಗನಮಕ್ಕಿಯ ನೀರು! ಶರಾವತಿಯ 1,035 ಮೆಗಾವಾಟ್ ಯಂತ್ರಗಳು ಸಂಜೆಯ ಬೇಡಿಕೆಗೆ ಓಗೊಡುವುದು ಆ ನೀರಿನಿಂದ. ಹಗಲು ಪಾವಗಡದ ಬಿಸಿಲು, ಸಂಜೆ ಶರಾವತಿಯ ನೀರು. ಮಳೆ ಕೈಕೊಟ್ಟ ವರ್ಷ ಮಾತ್ರ ಈ ಜೋಡಿ ಸೋಲುತ್ತದೆ. ಆಗ ಏನು ಮಾಡಬೇಕು ಅನ್ನುವುದೇ ನಿಜವಾದ ಪ್ರಶ್ನೆ.

6. ಪ್ರಾಜೆಕ್ಟ್ ಏನಾಯಿತು?

ಮೂರನೆಯ ಶುಕ್ರವಾರ ಜೂನಿಯರ್ ತನ್ನ ಹಾಳೆ ತಂದ. ಶೀರ್ಷಿಕೆ ಹೊಡೆದುಹಾಕಿದ್ದ. "ಅಣ್ಣಾ, ಇಷ್ಟು ದಿನ ಓದಿದ್ದು ದಂಡ ಆತೇನು?" ಅಂದ. ಇಲ್ಲ ಅಂದೆವು. "ಆಗುವುದಿಲ್ಲ" ಅನ್ನುವ ಉತ್ತರವೂ ಉತ್ತರವೇ, ಲೆಕ್ಕ ಸರಿ ಇದ್ದರೆ. ಅವನ ಪ್ರಾಧ್ಯಾಪಕರೂ ಅದನ್ನೇ ಹೇಳಿದರಂತೆ. ಈಗ ಅವನ ವಿಷಯ ಬದಲಾಗಿದೆ: ಮಳೆ ಕಡಿಮೆಯಾದ ವರ್ಷ ಸಂಜೆಯ ನಾಲ್ಕು ಗಂಟೆಗಳ ಬೇಡಿಕೆಗೆ ಮೆಥನಾಲ್, ಬ್ಯಾಟರಿ, ಎಲ್‌ಎನ್‌ಜಿ ಮೂರರಲ್ಲಿ ಯಾವುದು ಅಗ್ಗ, ಯಾವುದರಿಂದ ಯಾರ ಊರಿಗೆ ಎಷ್ಟು ಹೊರೆ. ಕೊನೆಯ ಆ ಕಾಲಂ ಪಠ್ಯದಲ್ಲಿ ಇರಲಿಲ್ಲ, ಅವನೇ ಸೇರಿಸಿದ್ದು.

ನಮ್ಮಲ್ಲಿ ಹಲವರು ನಾಳೆ ಇದೇ ರಾಸ್ ಲಫಾನ್‌ನಲ್ಲಿ ಕೆಲಸಕ್ಕೆ ಸೇರಬಹುದು. ತಪ್ಪೇನಿಲ್ಲ. ವಿಮಾನಕ್ಕೆ ಬ್ಯಾಟರಿ ಇನ್ನೂ ಸಾಲದು, ಅದಕ್ಕೆ ದ್ರವ ಬೇಕು. 2009ರ ಅಕ್ಟೋಬರಿನಲ್ಲಿ ಕತಾರ್ ಏರ್‌ವೇಸ್ ವಿಮಾನ ಲಂಡನ್ನಿನಿಂದ ದೋಹಾಕ್ಕೆ ಜಿಟಿಎಲ್ ಸೀಮೆಎಣ್ಣೆ ಬೆರೆಸಿದ ಇಂಧನದಲ್ಲೇ ಹಾರಿ ಬಂದಿತ್ತು. ಆದರೆ ಇಲ್ಲಿ ಕಂಡದ್ದನ್ನೆಲ್ಲ ಹಾಗೇ ಊರಿಗೆ ಹೊತ್ತುಕೊಂಡು ಹೋಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಎಷ್ಟು ಸಲ ರೂಪ ಬದಲಾಯಿಸುತ್ತಿದ್ದೇವೆ? ಪ್ರತಿ ಸಲ ಎಷ್ಟು ಕಳೆಯುತ್ತಿದೆ? ಕಳೆದದ್ದು ಯಾರ ಅಂಗಳದಲ್ಲಿ ಬೀಳುತ್ತಿದೆ?

ಮನೆಯಲ್ಲಿ ಮಾಡಿ ನೋಡಿ: 1) ನಿಮ್ಮ ಊರಿನ ಮನೆಗೆ ತಿಂಗಳಿಗೆ ಎಷ್ಟು ಯೂನಿಟ್ ಬೇಕು ಅಂತ ಬಿಲ್ ನೋಡಿ ಕೇಳಿ ತಿಳಿದುಕೊಳ್ಳಿ. ಅದಕ್ಕೆ ಮೇಲಿನ ಮೂರೂ ದಾರಿಯಲ್ಲಿ ಬೇಕಾಗುವ ಕಲ್ಲಿದ್ದಲು, ಬೂದಿ ಲೆಕ್ಕ ಹಾಕಿ. 2) ಬೂದಿ ಶೇ. 35ರ ಬದಲು ಶೇ. 45 ಇದ್ದು, ಶಕ್ತಿ 3,200 ಕಿಲೋಕ್ಯಾಲರಿಗೆ ಇಳಿದರೆ ಉತ್ತರ ಹೇಗೆ ಬದಲಾಗುತ್ತದೆ? 3) ಡೀಸೆಲ್ ಜನರೇಟರ್ ದಾರಿ ಹಳೆಯ ಬಾಯ್ಲರ್‌ಗೆ ಸರಿಸಮ ಆಗಬೇಕಾದರೆ ಕಲ್ಲಿದ್ದಲನ್ನು ದ್ರವ ಮಾಡುವ ದಕ್ಷತೆ ಶೇ. ಎಷ್ಟಿರಬೇಕು? ಮೂರನೆಯದಕ್ಕೆ ಉತ್ತರ ಶೇ. 90ರ ಮೇಲೆ ಬಂದರೆ ನಿಮ್ಮ ಲೆಕ್ಕ ಸರಿ ಇದೆ. ಬರದಿದ್ದರೆ ಮುಂದಿನ ಶುಕ್ರವಾರ ನಮ್ಮ ಜೊತೆ ಬನ್ನಿ, ಚಿತ್ರಾನ್ನ ಇರುತ್ತದೆ.